ರಾತ್ರಿ ಪಾಳಿಯ ಹೋಂ ನರ್ಸಿಂಗ್: ಬಿಲ್ಲಿಗೂ ಸಂಬಳಕ್ಕೂ ನಿಯಮ ಕಟ್ಟುವುದು ಹೇಗೆ

ಹಾಸನದ ವಿದ್ಯಾನಗರ, ಕುವೆಂಪುನಗರದ ಕಡೆ ಎಷ್ಟೋ ಮನೆಗಳಲ್ಲಿ ಈಗ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರಲ್ಲೋ ಅದಕ್ಕಿಂತ ದೂರದಲ್ಲೋ ಇದ್ದಾರೆ. ಹಗಲು ಹೇಗೋ ಅಡುಗೆಯವರು, ಅಕ್ಕಪಕ್ಕದವರು ನೋಡಿಕೊಳ್ಳುತ್ತಾರೆ. ಕಷ್ಟವೆಲ್ಲ ರಾತ್ರಿಯದು. ಅದಕ್ಕೇ ನೈಟ್ ಡ್ಯೂಟಿಗೆ ಹೋಂ ನರ್ಸ್ ಬೇಕು ಅಂತ ಫೋನ್ ಬರುವುದು ಹೆಚ್ಚಾಗಿದೆ, ಸಣ್ಣ ಸಣ್ಣ ಏಜೆನ್ಸಿಗಳೂ ಹುಟ್ಟಿಕೊಂಡಿವೆ. ಇಂಥವರಿಗೆ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ತಿಂಗಳ ಕೊನೆಯಲ್ಲಿ ಬರುವ ಜಗಳಗಳಲ್ಲಿ ಬಹುಪಾಲು ಒಂದೇ ಕಡೆಯಿಂದ ಹುಟ್ಟುತ್ತವೆ: 'ಒಂದು ರಾತ್ರಿಗೆ ಇಷ್ಟು' ಅಂತ ಬಾಯಿಮಾತಲ್ಲಿ ಹೇಳಿ ಕಳಿಸಿರುತ್ತಾರೆ. ಆ ರಾತ್ರಿಯಲ್ಲಿ ಎಷ್ಟು ನಿದ್ದೆ, ಎಷ್ಟು ಕೆಲಸ ಅಂತ ಯಾರೂ ಕೇಳಿರುವುದಿಲ್ಲ.

ಹಾಗಾಗಿ ದರ ನಿಲ್ಲಬೇಕಾದದ್ದು ಗಡಿಯಾರದ ಮೇಲೆ ಮಾತ್ರ ಅಲ್ಲ, ಕೆಟ್ಟ ನಿದ್ದೆಯ ಮೇಲೆ. ಮನೆಯವರು ಎಚ್ಚರದ ರಾತ್ರಿಗೆ ಹೆಚ್ಚು ಕೊಟ್ಟರೆ ಆ ಹೆಚ್ಚು ಎದ್ದವರ ಕೈಗೂ ಹೋಗಬೇಕು. ಕೆಳಗಿನ ಎಲ್ಲ ನಿಯಮಗಳೂ ಈ ಎರಡು ಮಾತಿನ ಮೇಲೆ ಕಟ್ಟಿದವು.

ಹಂತ 1: ರಾತ್ರಿಯನ್ನು ಎರಡು ಬಗೆ ಮಾಡಿ

ಮೊದಲನೆಯದು ಮಲಗುವ ರಾತ್ರಿ. ಅಜ್ಜಿ ಊಟ ಮಾಡಿ ಮಾತ್ರೆ ತೆಗೆದುಕೊಂಡು ಮಲಗುತ್ತಾರೆ, ಮಧ್ಯೆ ಒಂದೆರಡು ಸಲ ಬಾತ್‌ರೂಮಿಗೆ ಕೈಹಿಡಿದು ಕರೆದೊಯ್ಯಬೇಕು, ಉಳಿದ ಹೊತ್ತು ಪಕ್ಕದ ಮಂಚದಲ್ಲಿ ಮಲಗಬಹುದು. ಎರಡನೆಯದು ಎಚ್ಚರದ ರಾತ್ರಿ. ಲಕ್ವ ಹೊಡೆದು ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಆಕ್ಸಿಜನ್ ಹಾಕಿಕೊಂಡವರು, ಮರೆವಿನ ಕಾಯಿಲೆಯಿಂದ ರಾತ್ರಿಯೆಲ್ಲ ಓಡಾಡುವವರು, ಆಪರೇಷನ್ ಆಗಿ ಈಗಷ್ಟೇ ಮನೆಗೆ ಬಂದವರು ಇದ್ದರೆ ಅಲ್ಲಿ ನಿದ್ದೆಯ ಮಾತೇ ಇಲ್ಲ. ಮನೆಯಲ್ಲಿ ಮಲಗಲು ಬೇರೆ ಮಂಚ, ಹಾಸಿಗೆ ಇಲ್ಲ, ಕುರ್ಚಿಯಲ್ಲೇ ಕೂರಬೇಕು ಅಂದರೆ ಪೇಷಂಟ್ ಎಷ್ಟೇ ಶಾಂತವಾಗಿ ಮಲಗಿದ್ದರೂ ಅದು ಎಚ್ಚರದ ರಾತ್ರಿಯೇ. ಆಸ್ಪತ್ರೆಯ ವಾರ್ಡಿನಲ್ಲಿ ಜೊತೆಗೆ ಕೂರುವುದೂ ಅಷ್ಟೇ.

ಯಾವ ಬಗೆ ಅನ್ನುವುದನ್ನು ಫೋನಿನಲ್ಲಿ ತೀರ್ಮಾನ ಮಾಡಬೇಡಿ. "ನಮ್ಮಮ್ಮ ಚೆನ್ನಾಗಿ ಮಲಗ್ತಾರೆ ಮೇಡಂ, ಮಧ್ಯೆ ಒಂದ್ಸಲ ಎದ್ರೆ ಹೆಚ್ಚು" ಅಂತ ಬೆಂಗಳೂರಿನಿಂದ ಮಗ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಗೊತ್ತಿರುವುದೇ ಅಷ್ಟು. ಮೊದಲ ಮೂರು ರಾತ್ರಿ ಮಲಗುವ ದರದಲ್ಲಿ ಕಳಿಸಿ, ಎದ್ದಿದ್ದನ್ನು ಬರೆಸಿ, ನಾಲ್ಕನೇ ದಿನ ಆ ಬರಹ ನೋಡಿ ಬಗೆ ನಿರ್ಧರಿಸುತ್ತೇವೆ ಅಂತ ಮೊದಲೇ ಹೇಳಿಬಿಡಿ. ಆ ಮೂರು ರಾತ್ರಿಯಲ್ಲೂ ಹೆಚ್ಚು ಎದ್ದರೆ ಹೆಚ್ಚಿನ ಲೆಕ್ಕ ಇದ್ದೇ ಇರುತ್ತದೆ, ಅದೂ ಅವರಿಗೆ ಗೊತ್ತಿರಲಿ.

ಇನ್ನೊಂದು ಬೇಲಿ ಈಗಲೇ ಹಾಕಿ. ಅಟೆಂಡರ್ ಕೆಲಸ ಬೇರೆ, ನರ್ಸ್ ಕೆಲಸ ಬೇರೆ. ಯೂರಿನ್ ಬ್ಯಾಗ್ ಖಾಲಿ ಮಾಡುವುದು ಅಟೆಂಡರ್ ಕೆಲಸ. ಕ್ಯಾತಿಟರ್ ಹಾಕುವುದು, ಇಂಜೆಕ್ಷನ್ ಕೊಡುವುದು ನರ್ಸಿಂಗ್ ಓದಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇರುವವರ ಕೆಲಸ. ದರಪಟ್ಟಿಯಲ್ಲಿ ಇಬ್ಬರಿಗೂ ಬೇರೆ ಬೇರೆ ಸಾಲು ಇರಲಿ. ಇಲ್ಲಿ ಮುಂದೆ ಹೇಳುವ ಅಂಕಿಗಳೆಲ್ಲ ಅಟೆಂಡರ್ ಡ್ಯೂಟಿಯವು.

ಹಂತ 2: ಮೊದಲು ಸಂಬಳ, ಆಮೇಲೆ ಬಿಲ್ಲು

ಎದುರಿನ ಏಜೆನ್ಸಿ ಎಷ್ಟು ತೆಗೆದುಕೊಳ್ಳುತ್ತದೆ ಅಂತ ವಿಚಾರಿಸಿ, ಅದರಲ್ಲಿ ತಮ್ಮ ಪಾಲು ಹಿಡಿದು, ಮಿಕ್ಕಿದ್ದನ್ನು ಕೆಲಸದವರಿಗೆ ಕೊಡುವವರೇ ಜಾಸ್ತಿ. ಇದನ್ನು ತಿರುಗಿಸಿ. ಕೆಲಸದವರಿಗೆ ಎಷ್ಟು ಸಲ್ಲಬೇಕು ಅಂತ ಮೊದಲು ಕಟ್ಟಿ, ಅದರ ಮೇಲೆ ಬಿಲ್ಲು ಕಟ್ಟಿ.

ಕಾನೂನಿನ ನೆಲೆ ಇಷ್ಟು. ವೇತನ ಸಂಹಿತೆ 2019 ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ, ಮಾಮೂಲಿ ಕೆಲಸದ ಹೊತ್ತಿಗಿಂತ ಹೆಚ್ಚು ದುಡಿಸಿದರೆ ಆ ಗಂಟೆಗಳಿಗೆ ದುಪ್ಪಟ್ಟು, ಗಂಡಾಗಲಿ ಹೆಣ್ಣಾಗಲಿ ಒಂದೇ ಕೆಲಸಕ್ಕೆ ಒಂದೇ ಸಂಬಳ. ಮನೆಗೆಲಸದವರಿಗೂ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯ ನಮ್ಮದು, ಅದೂ 2004ರಷ್ಟು ಹಿಂದೆಯೇ. ನಿಮ್ಮ ಕೆಲಸದವರು ಯಾವ ಪಟ್ಟಿಗೆ ಬರುತ್ತಾರೆ, ಈ ವರ್ಷದ ಅಂಕಿ ಎಷ್ಟು ಅನ್ನುವುದನ್ನು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಕೇಳಿ, ಆ ಅಧಿಸೂಚನೆಯ ಒಂದು ಪ್ರತಿ ಫೈಲಿನಲ್ಲಿಡಿ.

ಮಲಗಿದ ಹೊತ್ತಿಗೆ ಸಂಬಳ ಯಾಕೆ ಅಂತ ಕೆಲವರು ಕೇಳುತ್ತಾರೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ, ಮಲಗಲು ಅವಕಾಶವಿರುವ ಪಾಳಿಯಲ್ಲಿ ಎದ್ದು ಕೆಲಸ ಮಾಡಿದ ಹೊತ್ತಿಗೆ ಮಾತ್ರ ಕನಿಷ್ಠ ವೇತನ ಲೆಕ್ಕ ಅಂತ ತೀರ್ಪು ಕೊಟ್ಟಿದೆ. ಆ ದಾರಿ ನಮಗೆ ಬೇಡ. ತನ್ನ ಮನೆ, ಮಕ್ಕಳನ್ನು ಬಿಟ್ಟು ಬಂದು ಇನ್ನೊಬ್ಬರ ಮನೆಯಲ್ಲಿ ಒಂದು ಕಿವಿ ತೆರೆದುಕೊಂಡು ಮಲಗುವುದು ಬಿಡುವಲ್ಲ. ಮಲಗುವ ರಾತ್ರಿಯೂ ಒಂದು ಪೂರ್ತಿ ದಿನದ ಸಂಬಳಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಲೆಕ್ಕ ಸುಲಭವಾಗಲಿ ಅಂತ ಗಂಟೆಗೆ 100 ರೂಪಾಯಿ ಇಟ್ಟುಕೊಳ್ಳೋಣ. ನಿಮ್ಮ ಅಂಕಿ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ಪಾಳಿ ರಾತ್ರಿ 9ರಿಂದ ಬೆಳಿಗ್ಗೆ 7, ಒಟ್ಟು 10 ಗಂಟೆ.

ಎಚ್ಚರದ ರಾತ್ರಿ: 8 ಗಂಟೆಗೆ 800, ಮೇಲಿನ 2 ಗಂಟೆ ಓಟಿಗೆ ದುಪ್ಪಟ್ಟು ದರದಲ್ಲಿ 400. ಒಟ್ಟು 1,200.

ಮಲಗುವ ರಾತ್ರಿ: 9ರಿಂದ 10.30, ಮತ್ತೆ ಬೆಳಿಗ್ಗೆ 5.30ರಿಂದ 7 ಕೆಲಸದ ಹೊತ್ತು. ಈ 3 ಗಂಟೆಗೆ 300. ನಡುವಿನ 7 ಗಂಟೆ ಮಲಗುವ ಹೊತ್ತಿಗೆ ಒಟ್ಟಾಗಿ 500. ಸೇರಿ 800.

ಓಟಿ ಗಂಟೆಗೂ ಕಾನೂನಿನ ಮಿತಿಯಿದೆ. ಆದ್ದರಿಂದ ಕಾಯಂ ಎಚ್ಚರದ ಮನೆ ಅಂದರೆ ಪಾಳಿಯನ್ನು 10ರಿಂದ 6ಕ್ಕೆ, 8 ಗಂಟೆಗೇ ಇಳಿಸುವುದು ಒಳ್ಳೆಯದು. ಆಗದಿದ್ದರೆ ಇಬ್ಬರಿಗೆ ರಾತ್ರಿ ಬಿಟ್ಟು ರಾತ್ರಿ ಹಂಚಿ. ವಾರವಿಡೀ ಒಬ್ಬರನ್ನೇ ಎಚ್ಚರವಿರಿಸಿದರೆ ಮಾತ್ರೆ ತಪ್ಪುತ್ತದೆ, ಮಗ್ಗುಲು ಬದಲಿಸುವಾಗ ಪೇಷಂಟ್ ಜಾರುತ್ತಾರೆ. ಯಾವ ದರದಿಂದಲೂ ಅದನ್ನು ತುಂಬಿಕೊಡಲು ಆಗುವುದಿಲ್ಲ.

ಹಂತ 3: ಎದ್ದ ಲೆಕ್ಕದ ಪುಸ್ತಕ

ಮಲಗುವ ರಾತ್ರಿಯ ನಿಯಮ ನಿಲ್ಲುವುದೂ ಬೀಳುವುದೂ ಇದರ ಮೇಲೆ. ಪೇಷಂಟಿನ ತಲೆದೆಸೆಯ ಟೇಬಲ್ ಮೇಲೆ ಒಂದು ರೂಲ್ಡ್ ನೋಟ್‌ಬುಕ್, ದಾರ ಕಟ್ಟಿದ ಪೆನ್ನು. ನಾಲ್ಕು ಕಾಲಂ: ಎದ್ದ ಸಮಯ, ಯಾಕೆ, ಮತ್ತೆ ಮಲಗಿದ ಸಮಯ, ಬೆಳಿಗ್ಗೆ ಮನೆಯವರ ಸಹಿ. ಒಂದು ಪುಟ ಹೀಗಿರುತ್ತದೆ ಅಂದುಕೊಳ್ಳಿ:

11.50. ಬಾತ್‌ರೂಮಿಗೆ. 12.05ಕ್ಕೆ ಮಲಗಿದರು.
1.20. ಕೆಮ್ಮು, ಬಿಸಿನೀರು ಕುಡಿಸಿದೆ. 1.40.
3.05. ಹಾಸಿಗೆ ಒದ್ದೆ, ಬೆಡ್‌ಶೀಟು ಬದಲು. ತೀರಿಕೊಂಡ ಯಜಮಾನರನ್ನು ಕರೆಯುತ್ತಿದ್ದರು, ಕೂತು ಮಾತಾಡಿಸಿದೆ. 3.50.

ಇದನ್ನು ಅರ್ಧ ಗಂಟೆಯ ತುಂಡುಗಳಾಗಿ ಎಣಿಸಿ. ಒಂದು ಸಲ ಎದ್ದರೆ ಐದೇ ನಿಮಿಷವಾದರೂ ಒಂದು ತುಂಡು, ಯಾಕೆಂದರೆ ಎದ್ದ ಮೇಲೆ ಮತ್ತೆ ನಿದ್ದೆ ಹತ್ತಲು ಹೊತ್ತು ಬೇಕು. ಅರ್ಧ ಗಂಟೆ ಮೀರಿದರೆ ಎರಡು. ಮೇಲಿನ ಪುಟದಲ್ಲಿ ಮೊದಲ ಎರಡು ಸಲಕ್ಕೆ ಒಂದೊಂದು, ಮೂರನೆಯದು 45 ನಿಮಿಷವಾದ್ದರಿಂದ ಎರಡು. ಒಟ್ಟು ನಾಲ್ಕು ತುಂಡು, ಅಂದರೆ 2 ಗಂಟೆ. 'ಮಾತಾಡಿಸಿದೆ' ಅನ್ನುವುದನ್ನು ಕೆಲಸವಲ್ಲ ಅಂತ ಕೆಲವು ಮನೆಯವರು ತೆಗೆಯಲು ಹೇಳುತ್ತಾರೆ. ತೆಗೆಯಬೇಡಿ. ಮರೆವಿನ ಕಾಯಿಲೆಯ ಹಿರಿಯರಿಗೆ ಆ ಹೊತ್ತಿನಲ್ಲಿ ಬೇಕಾದ ಆರೈಕೆ ಅದೇ.

ನಿಯಮ ಹೀಗೆ ಬರೆಯಿರಿ. ಮೊದಲ ತುಂಡು 800ರೊಳಗೇ ಸೇರಿದೆ. ಎರಡನೆಯದರಿಂದ ಒಂದೊಂದಕ್ಕೂ 50 ರೂಪಾಯಿ ಹೆಚ್ಚು. ಮಲಗುವ 7 ಗಂಟೆಯಲ್ಲಿ ತುಂಡುಗಳನ್ನು ಕಳೆದು ಉಳಿದದ್ದು 5 ಗಂಟೆಗಿಂತ ಕಡಿಮೆಯಾದರೆ ಇಡೀ ರಾತ್ರಿ ಎಚ್ಚರದ ರಾತ್ರಿ ಅಂತ ಲೆಕ್ಕ. ಈ ಐದು ಗಂಟೆಯ ಗೆರೆ ಅಮೆರಿಕದ ಕಾರ್ಮಿಕ ನಿಯಮದಲ್ಲಿರುವುದು: ಅಲ್ಲಿ 24 ಗಂಟೆ ಅಥವಾ ಹೆಚ್ಚಿನ ಡ್ಯೂಟಿಯಲ್ಲಿ ಕನಿಷ್ಠ 5 ಗಂಟೆ ನಿದ್ದೆ ಸಿಗದಿದ್ದರೆ ಮಲಗುವ ಹೊತ್ತನ್ನೆಲ್ಲ ಕೆಲಸದ ಹೊತ್ತಾಗಿ ಎಣಿಸುತ್ತಾರೆ. ನಮ್ಮ ಹತ್ತು ಗಂಟೆಯ ಪಾಳಿಗೂ ಅದು ನ್ಯಾಯವಾಗಿ ಹೊಂದುತ್ತದೆ.

ಹಾಗಾದರೆ ಮೇಲಿನ ಪುಟದ ರಾತ್ರಿಗೆ ಉಳಿದ ನಿದ್ದೆ ಸರಿಯಾಗಿ 5 ಗಂಟೆ. ಸಂಬಳ 800 ಜೊತೆ 150, ಒಟ್ಟು 950. ಇನ್ನೊಂದೇ ಒಂದು ಸಲ ಎದ್ದಿದ್ದರೆ 1,200 ಆಗುತ್ತಿತ್ತು. ಗೆರೆಯ ಹತ್ತಿರ ಹೀಗೆ ನೆಗೆಯುವುದರಿಂದ ಅನುಮಾನ ಹುಟ್ಟುವುದು ಸಹಜ. ಅದಕ್ಕೆ ಮದ್ದು, ಬೆಳಿಗ್ಗೆ 7ಕ್ಕೆ ಹೊರಡುವ ಮೊದಲೇ ಮನೆಯಲ್ಲಿರುವ ಹಿರಿಯರ ಸಹಿ ಹಾಕಿಸಿ, ಪುಟದ ಫೋಟೋವನ್ನು ಮಕ್ಕಳಿರುವ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು. ಅವತ್ತೇ ಕೇಳಿದ ಪ್ರಶ್ನೆಗೆ ಅವತ್ತೇ ಉತ್ತರ ಸಿಗುತ್ತದೆ. ತಿಂಗಳ ಕೊನೆಗೆ ಬಿಲ್ ನೋಡಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಒಂದು ವಾರದಲ್ಲಿ ಮೂರು ರಾತ್ರಿ ಹೀಗೆ ಬದಲಾದರೆ ಆ ಮನೆಯನ್ನೇ ಎಚ್ಚರದ ಪಟ್ಟಿಗೆ ಸೇರಿಸುವ ಮಾತುಕತೆ ಶುರುಮಾಡಿ, ಡಾಕ್ಟರಿಗೂ ಪುಸ್ತಕ ತೋರಿಸಲು ಹೇಳಿ. ಇದ್ದಕ್ಕಿದ್ದಂತೆ ರಾತ್ರಿ ಪದೇ ಪದೇ ಏಳುವುದಕ್ಕೆ ಮೂತ್ರದ ಸೋಂಕೋ ಸಕ್ಕರೆ ಕಾಯಿಲೆಯ ಏರುಪೇರೋ ಕಾರಣವಿರಬಹುದು.

ಹಂತ 4: ಬಿಲ್ಲಿನ ದರ

1,200ರ ಸಂಬಳದ ಮೇಲೆ ನಿಮ್ಮ ಖರ್ಚು ಕೂಡಿ. ಕೆಲಸದವರು ಹತ್ತು ಜನ ಆದರೆ ಇಎಸ್‌ಐ (ಕೆಲಸದವರ ಆರೋಗ್ಯ ವಿಮೆ), ಮಾಲೀಕರ ಪಾಲು ನೂರಕ್ಕೆ 3.25. ಇಪ್ಪತ್ತು ಜನ ಆದರೆ ಪಿಎಫ್, ಮಾಲೀಕರ ಪಾಲು ನೂರಕ್ಕೆ 12. ಓಟಿ ಭಾಗದ ಮೇಲೆ ಯಾವುದು ಬರುತ್ತದೆ, ಯಾವುದು ಇಲ್ಲ ಅಂತ ನಿಮ್ಮ ಆಡಿಟರ್ ವಿಂಗಡಿಸುತ್ತಾರೆ. ದರ ಕಟ್ಟುವಾಗ ಮಾತ್ರ ಪೂರ್ತಿ ಮೊತ್ತದ ಮೇಲೇ ಹಿಡಿದರೆ ಕೈ ಸುಡುವುದಿಲ್ಲ: 183 ರೂಪಾಯಿ. ಸಂಬಳ ಸಹಿತ ರಜೆಗೆ ತೆಗೆದಿಡಲು ನೂರಕ್ಕೆ 5ರಂತೆ 60. ಕೈಗವಸು, ಮಾಸ್ಕ್, ಫೋನ್ ಖರ್ಚಿಗೆ 37. ಇಲ್ಲಿಗೆ 1,480. ಕಚೇರಿ ಬಾಡಿಗೆ, ಸೂಪರ್‌ವೈಸರ್ ಓಡಾಟ, ನಿಮ್ಮ ಪಾಲು 320. ಬಿಲ್ 1,800.

ಮಲಗುವ ರಾತ್ರಿಗೂ ಇದೇ ಅಳತೆ, 800ಕ್ಕೆ 1,200. ಹೆಚ್ಚುವರಿ ತುಂಡಿಗೆ 50ರ ಸಂಬಳ, 75ರ ಬಿಲ್. ಎಲ್ಲ ಕಡೆಯೂ ಬಿಲ್ಲಿನ ಮೂರರಲ್ಲಿ ಎರಡು ಪಾಲು ಕೆಲಸ ಮಾಡಿದವರಿಗೆ. ಈ ಅನುಪಾತವನ್ನು ದರಪಟ್ಟಿಯ ತಲೆಯ ಮೇಲೇ ಬರೆದು ಇಬ್ಬರಿಗೂ ತೋರಿಸುವ ಧೈರ್ಯ ಮಾಡಿ. ಮನೆಯವರು ಏಜೆನ್ಸಿ ಬಿಟ್ಟು ನೇರವಾಗಿ ಕೆಲಸದವರ ಜೊತೆ ಒಳಗಿಂದೊಳಗೆ ಮಾತಾಡಿಕೊಳ್ಳುವುದು ಇದರಿಂದಲೇ ಎಷ್ಟೋ ಕಡಿಮೆಯಾಗುತ್ತದೆ.

ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವ ಹಾಗಿದ್ದರೆ ಜಿಎಸ್‌ಟಿ ಪ್ರಶ್ನೆ ಬರುತ್ತದೆ. ಆರೋಗ್ಯ ಸೇವೆಯ ವಿನಾಯ್ತಿ ನಿಮ್ಮ ಅಟೆಂಡರ್ ಡ್ಯೂಟಿಗೆ ಅನ್ವಯಿಸುತ್ತದೆಯೇ ಅನ್ನುವುದನ್ನು ಆಡಿಟರ್ ಹತ್ತಿರ ಬರಹದಲ್ಲೇ ತೆಗೆದುಕೊಳ್ಳಿ.

ಹಂತ 5: ನಡುರಾತ್ರಿ ದಾಟುವ ತಾರೀಖು

ಹಾಜರಿಗೂ ಬಿಲ್ಲಿಗೂ ರಾತ್ರಿ ಶುರುವಾದ ದಿನವೇ ಅದರ ತಾರೀಖು. ಮಾರ್ಚ್ 31ರ ರಾತ್ರಿ 9ಕ್ಕೆ ಹೋದವರು ಏಪ್ರಿಲ್ 1ರ ಬೆಳಿಗ್ಗೆ ಬಂದರೆ ಆ ರಾತ್ರಿ ಪೂರ್ತಿ ಮಾರ್ಚಿನದು. ತುಂಡು ಮಾಡಿ ಎರಡು ತಿಂಗಳಿಗೆ ಹಂಚಲು ಹೋಗಬೇಡಿ.

ಹಬ್ಬದ ದುಪ್ಪಟ್ಟಿಗೆ ಮಾತ್ರ ಈ ನಿಯಮ ಅನ್ಯಾಯ ಮಾಡುತ್ತದೆ. ನರಕ ಚತುರ್ದಶಿಯ ಹಿಂದಿನ ರಾತ್ರಿ ಡ್ಯೂಟಿಗೆ ಹೋದವರನ್ನು ನೋಡಿ. 9ರಿಂದ 12ರವರೆಗೆ ಮೂರೇ ಗಂಟೆ ಹಿಂದಿನ ದಿನ, ಉಳಿದ ಏಳು ಗಂಟೆ ಹಬ್ಬದ ದಿನದ್ದು. ಬೆಳಗಿನ ಜಾವ ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತಿಗೆ ಅವರು ಇನ್ನೊಬ್ಬರ ಮನೆಯಲ್ಲಿರುತ್ತಾರೆ. ಶುರುವಾದ ತಾರೀಖು ಹಿಡಿದರೆ ಅವರಿಗೆ ಬಿಡಿಗಾಸೂ ಹೆಚ್ಚು ಸಿಗುವುದಿಲ್ಲ. ಅದಕ್ಕೆ ಹಬ್ಬದ ನಿಯಮವನ್ನು ಬೇರೆಯಾಗಿ ಬರೆಯಿರಿ: ಪಾಳಿಯ ಅರ್ಧಕ್ಕಿಂತ ಹೆಚ್ಚು ಗಂಟೆ ಯಾವ ದಿನಕ್ಕೆ ಸೇರುತ್ತದೋ ಆ ದಿನ ಹಬ್ಬವಾದರೆ ಸಂಬಳ ದುಪ್ಪಟ್ಟು, ಬಿಲ್ ದುಪ್ಪಟ್ಟು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇರಲೇಬೇಕು. ಜೊತೆಗೆ ಯುಗಾದಿ, ಗೌರಿ-ಗಣೇಶ, ದೀಪಾವಳಿ, ರಂಜಾನ್, ಕ್ರಿಸ್‌ಮಸ್ ಹೀಗೆ ನಿಮ್ಮಲ್ಲಿ ಕೆಲಸ ಮಾಡುವವರನ್ನು ಕೇಳಿ ಪಟ್ಟಿ ಮಾಡಿ, ಜನವರಿಯಲ್ಲೇ ಎಲ್ಲ ಮನೆಗೂ ಕಳಿಸಿ.

ನಮ್ಮ ಊರಿಗೆ ಇನ್ನೊಂದು ಸೇರಿಸಬೇಕು. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳು. ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರದಿಂದ ಬಲಿಪಾಡ್ಯಮಿ ಮುಗಿಯುವವರೆಗೂ ಊರು ತುಂಬಿರುತ್ತದೆ, ರಸ್ತೆಗಳ ದಿಕ್ಕು ಬದಲಾಗುತ್ತದೆ, ಆಟೋ ಸಿಗುವುದು ಕಷ್ಟ. ಈ ದಿನಗಳಲ್ಲಿ ತಡವಾಗಿ ಬಂದರೆ ಸಂಬಳ ಕಡಿತ ಇಲ್ಲ, ಆದರೆ ಅರ್ಧ ಗಂಟೆ ಮುಂಚೆಯೇ ಹೊರಡಬೇಕು ಅಂತ ಎರಡೂ ಕಡೆಗೆ ತಿಳಿಸಿ.

ಹಂತ 6: ಹೋಗಿ ಬರುವ ದಾರಿ

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ಖರ್ಚಿಲ್ಲ. ಆದರೆ ಬಸ್‌ಸ್ಟ್ಯಾಂಡಿನಿಂದ ಮನೆ ಬಾಗಿಲಿಗೆ ರಾತ್ರಿ 8.30ಕ್ಕೆ ಆಟೋ ಬೇಕು. ಅದನ್ನು ಬಾಟಾ ಅಂತ ಬೇರೆ ಸಾಲಿನಲ್ಲಿ ತೋರಿಸಿ, ಮನೆಯವರಿಂದ ಪಡೆದಷ್ಟನ್ನೂ ಕೆಲಸದವರಿಗೇ ಕೊಡಿ. ಇದರಲ್ಲಿ ಕಮಿಷನ್ ಬೇಡ.

ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟದ ಮನೆಗಳ ಲೆಕ್ಕವೇ ಬೇರೆ. ಮುಖ್ಯರಸ್ತೆಯಲ್ಲಿ ಬಸ್ ಇಳಿದು ಕಾಫಿ ತೋಟದ ಒಳದಾರಿಯಲ್ಲಿ ನಡೆಯಬೇಕು, ಆ ಭಾಗದಲ್ಲಿ ಆನೆ ಓಡಾಟ ಇದೆ. ಕತ್ತಲಲ್ಲಿ ಒಬ್ಬರನ್ನೇ ಕಳಿಸುವುದು ಬೇಡವೇ ಬೇಡ. ಮನೆಯವರ ಜೀಪು ಮುಖ್ಯರಸ್ತೆಗೆ ಬಂದು ಬೆಳಕಿರುವಾಗಲೇ, 6ರೊಳಗೆ, ಕರೆದೊಯ್ಯಬೇಕು, ಬೆಳಕು ಹರಿದ ಮೇಲೆ ತಂದು ಬಿಡಬೇಕು. 6ರಿಂದ 9ರವರೆಗಿನ ಹೊತ್ತಿಗೆ ಕೆಲಸ ಹೇಳಲಿ, ಬಿಡಲಿ, ಗಂಟೆಗೆ 100ರ ಸಂಬಳ, 150ರ ಬಿಲ್. ಅರಣ್ಯ ಇಲಾಖೆಯಿಂದ ಆನೆ ಇದೆ ಅಂತ ಮೆಸೇಜ್ ಬಂದ ಬೆಳಿಗ್ಗೆ ಕಾಯಬೇಕಾಗಿ ಬಂದರೆ ಆ ಹೊತ್ತಿಗೂ ಇದೇ ಲೆಕ್ಕ. ಮಳೆಗಾಲದಲ್ಲಿ ಮರ ಬಿದ್ದು, ಗುಡ್ಡ ಜರಿದು ದಾರಿ ಮುಚ್ಚಿದರೂ ಅಷ್ಟೇ. ಇಷ್ಟು ಉದ್ದದ ಪಾಳಿ ಆಗುವುದರಿಂದ ತೋಟದ ಮನೆಗೆ ಒಬ್ಬರನ್ನು ಮಲಗುವ ರಾತ್ರಿಗೆ ಮಾತ್ರ ಕಳಿಸಿ. ಎಚ್ಚರದ ಪೇಷಂಟ್ ಇದ್ದರೆ ಇಬ್ಬರು.

ಹಂತ 7: ಎಡವುವ ಜಾಗಗಳು

ಡ್ಯೂಟಿ ರದ್ದು: ಸಂಜೆ 4ರೊಳಗೆ ಹೇಳಿದರೆ ಬಿಲ್ ಇಲ್ಲ. ಆಮೇಲೆ ಹೇಳಿದರೆ ಅರ್ಧ ಬಿಲ್, ಕೆಲಸದವರಿಗೆ ಅರ್ಧ ಸಂಬಳ. ಬಾಗಿಲಿಗೆ ಬಂದ ಮೇಲೆ ಬೇಡ ಅಂದರೆ ಪೂರ್ತಿ.

ಹಗಲಿನವರು ಬರಲಿಲ್ಲ ಅಂತ ರಾತ್ರಿಯವರನ್ನೇ ಉಳಿಸಿಕೊಳ್ಳುವುದು ಎಲ್ಲ ಕಡೆ ನಡೆಯುವ ದೊಡ್ಡ ಅನ್ಯಾಯ. "ಅಕ್ಕ, ಮಧ್ಯಾಹ್ನದವರೆಗೆ ನೋಡ್ಕೊಳಿ, ಕಳಿಸ್ತೀನಿ" ಅಂತ ಫೋನ್ ಮಾಡಿ ಸಂಜೆಯವರೆಗೆ ಎಳೆಯುತ್ತಾರೆ. ಎರಡು ಗಂಟೆ ಮಿತಿ ಹಾಕಿ, ಅದಕ್ಕೆ ದುಪ್ಪಟ್ಟು ಕೊಡಿ. ಅಷ್ಟರೊಳಗೆ ಬದಲಿ ಸಿಗದಿದ್ದರೆ ಸೂಪರ್‌ವೈಸರ್ ಅಥವಾ ಏಜೆನ್ಸಿ ನಡೆಸುವವರೇ ಹೋಗಿ ಕೂರಬೇಕು. ಏಜೆನ್ಸಿಯ ಕೊರತೆಗೆ ಮನೆಯವರಿಗೆ ಓಟಿ ಬಿಲ್ ಹಾಕಬಾರದು, ಅದನ್ನು ಕಚೇರಿಯೇ ಹೊರಬೇಕು.

ಪೇಷಂಟ್ ತೀರಿಕೊಂಡ ರಾತ್ರಿಗೆ ಪೂರ್ತಿ ಎಚ್ಚರದ ಸಂಬಳ, ಬಿಲ್ ಮಾತ್ರ ಮಾಮೂಲಿ ದರದಲ್ಲೇ. ಮಾರನೇ ರಾತ್ರಿಯ ಬಿಲ್ ಇಲ್ಲ, ಕೆಲಸದವರಿಗೆ ಆ ಒಂದು ರಾತ್ರಿಯ ಸಂಬಳ ಕಚೇರಿಯಿಂದ. ಉಳಿದ ಅಡ್ವಾನ್ಸನ್ನು ಕೇಳುವ ಮೊದಲೇ ಹಿಂದಿರುಗಿಸಿ, ಬಾಕಿಯಿದ್ದರೆ ವೈಕುಂಠ ಸಮಾರಾಧನೆ ಮುಗಿಯುವವರೆಗೆ ಫೋನ್ ಮಾಡಬೇಡಿ.

ಹಂತ 8: ಶೀಟ್ ಕಟ್ಟುವುದು

ಮೊಬೈಲಿನಲ್ಲಿರುವ ಗೂಗಲ್ ಶೀಟ್ಸ್ ಸಾಕು. ಮೊದಲ ಹಾಳೆಯಲ್ಲಿ ದರಪಟ್ಟಿ, ಯಾವ ತಾರೀಖಿನಿಂದ ಜಾರಿ ಅನ್ನುವ ಕಾಲಂ ಸಮೇತ. ಎರಡನೆಯದರಲ್ಲಿ ಒಂದು ರಾತ್ರಿಗೆ ಒಂದು ಸಾಲು: ತಾರೀಖು, ಮನೆ, ಕೆಲಸದವರು, ಬಗೆ, ಬಂದ ಸಮಯ, ಹೋದ ಸಮಯ, ತುಂಡುಗಳು, ಹಬ್ಬ ಹೌದೋ ಅಲ್ಲವೋ, ಬಾಟಾ, ಸಂಬಳ, ಬಿಲ್. ಹೋದ ಸಮಯದಲ್ಲಿ ಬಂದ ಸಮಯ ಕಳೆದರೆ ನಡುರಾತ್ರಿ ದಾಟಿದ್ದಕ್ಕೆ ಉತ್ತರ ಮೈನಸ್ ಬರುತ್ತದೆ. ಹಾಗೆ ಬಂದಾಗ 24 ಗಂಟೆ ಸೇರಿಸುವಂತೆ ಸೂತ್ರ ಬರೆಯಿರಿ, 7ರಲ್ಲಿ 21 ಕಳೆದು 24 ಕೂಡಿದರೆ 10.

ಬಿಲ್ಲಿನ ಹಾಳೆಯೂ ಸಂಬಳದ ಚೀಟಿಯ ಹಾಳೆಯೂ ಈ ಎರಡನೇ ಹಾಳೆಯಿಂದಲೇ ಅಂಕಿ ತೆಗೆದುಕೊಳ್ಳಬೇಕು, ಕೈಯಾರೆ ತುಂಬಬಾರದು. ಬಿಲ್‌ಗೆ ಒಂದು ಪುಸ್ತಕ, ಸಂಬಳಕ್ಕೆ ಇನ್ನೊಂದು ಅಂತ ಇಟ್ಟರೆ ಮನೆಯವರಿಂದ ಐದು ತುಂಡಿನ ದುಡ್ಡು ಬಂದು ಕೆಲಸದವರಿಗೆ ಎರಡು ತುಂಡಿನದು ಹೋಗುವ ಪರಿಸ್ಥಿತಿ ಬಂದೇ ಬರುತ್ತದೆ.

ಸಂಬಳದ ಚೀಟಿ ಕನ್ನಡದಲ್ಲಿರಲಿ, ರಾತ್ರಿ ರಾತ್ರಿಯ ವಿವರದೊಂದಿಗೆ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಖಾತೆಗೆ ಹೋಗಬೇಕು, ಮನೆಯವರು ಬಿಲ್ ಕಟ್ಟಲಿ ಬಿಡಲಿ. ಅದಕ್ಕಾಗಿಯೇ ಹದಿನೈದು ದಿನದ ಅಡ್ವಾನ್ಸ್ ತೆಗೆದುಕೊಳ್ಳುವುದು. ಕೆಲಸ ಬಿಟ್ಟವರ ಲೆಕ್ಕ ಎರಡು ಕೆಲಸದ ದಿನದೊಳಗೆ ತೀರಿಸಬೇಕು. ಸಾಲ, ಅಡ್ವಾನ್ಸ್ ಎಲ್ಲ ಸೇರಿ ಕಡಿತ ಸಂಬಳದ ಅರ್ಧ ಮೀರಬಾರದು. ಯಾರ ಮಾರ್ಕ್ಸ್‌ಕಾರ್ಡನ್ನೂ ಆಧಾರ್ ಕಾರ್ಡನ್ನೂ ಒತ್ತೆಯಂತೆ ಇಟ್ಟುಕೊಳ್ಳಬೇಡಿ.

ಕನಿಷ್ಠ ವೇತನದ ಜೊತೆ ಸೇರುವ ತುಟ್ಟಿಭತ್ಯೆ ಏರುವುದು ಏಪ್ರಿಲ್ 1ರಿಂದ. ಮಾರ್ಚ್ ಮಧ್ಯದಲ್ಲೇ ಹೊಸ ಅಂಕಿ ನೋಡಿ ಗಂಟೆಯ ದರ ತಿದ್ದಿ, ಹಳೆಯ ಮನೆಗಳಿಗೂ ಹದಿನೈದು ದಿನ ಮುಂಚೆ ತಿಳಿಸಿ. ಹಳೆಯ ಸಾಲನ್ನು ಅಳಿಸದೆ ದರಪಟ್ಟಿಯಲ್ಲಿ ಕೆಳಗೆ ಹೊಸ ಸಾಲು ಸೇರಿಸಿದರೆ, ಮಾರ್ಚ್ 31ರ ರಾತ್ರಿ ಹಳೆಯ ದರದಲ್ಲೂ ಏಪ್ರಿಲ್ 1ರ ರಾತ್ರಿ ಹೊಸ ದರದಲ್ಲೂ ತಾನಾಗಿ ಬೀಳುತ್ತದೆ.